ಋತುವನ್ನು ಕಳೆದು ನೋಡಿದ ವಿಲಿಯಂ ಫಾರ್

ವಿಲಿಯಂ ಫಾರ್ 1807ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಕೆನ್ಲಿ ಹಳ್ಳಿಯಲ್ಲಿ, ಬಡ ಕುಟುಂಬದಲ್ಲಿ ಹುಟ್ಟಿದರು. ಪ್ರೈಸ್ ಎಂಬ ಜಮೀನ್ದಾರರು ಅವರನ್ನು ಸಾಕಿ ಓದಿಸಿದರು. ಪ್ಯಾರಿಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು ಬಂದ ಫಾರ್ ಲಂಡನ್ನಿನಲ್ಲಿ ವೈದ್ಯವೃತ್ತಿ ಆರಂಭಿಸಿದರು. 1837ರಲ್ಲಿ ಪತ್ನಿ ಕ್ಷಯದಿಂದ ತೀರಿಕೊಂಡರು. ಆಮೇಲೆ ಜನನ-ಮರಣ ನೋಂದಣಿಯ ಕೇಂದ್ರ ಕಚೇರಿ ಸೇರಿ, ಸುಮಾರು ನಲವತ್ತು ವರ್ಷ ಅಲ್ಲೇ ದುಡಿದರು.

ವಿಜ್ಞಾನ ಶಿಕ್ಷಕರಿಗೆ ಬೇಕಾದ ಭಾಗ ಇಲ್ಲಿಂದ ಶುರು. ಲಂಡನ್ನಿನ ಸಾವುಗಳ ಲೆಕ್ಕ ವಾರವಾರವೂ ಪ್ರಕಟವಾಗುತ್ತಿತ್ತು. ಜೊತೆಗೆ ಗ್ರೀನಿಚ್ ವೀಕ್ಷಣಾಲಯದ ಉಷ್ಣಾಂಶವೂ ಇರುತ್ತಿತ್ತು. ಚಳಿ ಹೆಚ್ಚಿದ ವಾರಗಳಲ್ಲಿ ಮುದುಕರ ಸಾವು ಹೆಚ್ಚುವುದನ್ನು ಫಾರ್ ಗಮನಿಸಿದ್ದರು. 1847ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಹಬ್ಬಿತು. ಮರಣ ದಾಖಲೆಯಲ್ಲಿ ಆ ಹೆಸರು ಕಂಡದ್ದು ಕೆಲವರಿಗೆ ಮಾತ್ರ. ಉಳಿದವರ ಮುಂದೆ ನ್ಯುಮೋನಿಯಾ, ಬ್ರಾಂಕೈಟಿಸ್ ಇತ್ಯಾದಿ. ಹಾಗಾದರೆ ಕೊಂದದ್ದು ಚಳಿಯೋ, ರೋಗವೋ? ಆ ಋತುವಿನಲ್ಲಿ ಸಾಮಾನ್ಯವಾಗಿ ಆಗುವ ಸಾವುಗಳನ್ನು ಫಾರ್ ಒಟ್ಟು ಸಾವುಗಳಿಂದ ಕಳೆದರು. ಸುಮಾರು 5,000 ಉಳಿಯಿತು. ಇಂದು ಅಧಿಕ ಮರಣ ಎನ್ನುವ ಅಳತೆಯ ಮೂಲ ಇದೇ. ಪ್ರಾಥಮಿಕ ಶಾಲೆಯ ವ್ಯವಕಲನಕ್ಕಿಂತ ಹೆಚ್ಚಿನ ಗಣಿತ ಇದರಲ್ಲಿಲ್ಲ, ಅದಕ್ಕೇ ನನಗೆ ಇದು ಇಷ್ಟ.

ಆದರೆ ಅಂಕಿ ಸರಿಯಿದ್ದರೆ ಕಾರಣವೂ ಸರಿಯಿರಬೇಕೆಂದಿಲ್ಲ. 1849ರ ಕಾಲರಾದಲ್ಲಿ, ಥೇಮ್ಸ್ ನದಿಮಟ್ಟದಿಂದ ಎತ್ತರದಲ್ಲಿದ್ದ ಬಡಾವಣೆಗಳಲ್ಲಿ ಸಾವು ಕಡಿಮೆ ಎಂದು ತೋರಿಸಿದ ಫಾರ್, ತಗ್ಗಿನ ಕೆಟ್ಟ ಗಾಳಿಯೇ ಕಾರಣ ಎಂದು ನಂಬಿದರು. 1866ರಲ್ಲಿ ಮತ್ತೆ ಕಾಲರಾ ಬಂದಾಗ ಅವರದೇ ಅಂಕಿಗಳು ಕುಡಿಯುವ ನೀರಿನತ್ತ ಬೆರಳು ಮಾಡಿದವು, ಫಾರ್ ಒಪ್ಪಿಕೊಂಡರು.

ಕಚೇರಿಯ ಮುಖ್ಯಸ್ಥನ ಹುದ್ದೆ ಬೇರೆಯವರ ಪಾಲಾದಾಗ ನಿವೃತ್ತಿ ಪಡೆದ ಅವರು 1883ರಲ್ಲಿ ತೀರಿಕೊಂಡರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ ಪತ್ತೆಯಾದದ್ದು ಅದಾಗಿ ಐವತ್ತು ವರ್ಷಕ್ಕೆ, 1933ರಲ್ಲಿ. ತಂಪಾದ ಒಣಗಾಳಿಯಲ್ಲಿ ಅದು ಸುಲಭವಾಗಿ ಹರಡುತ್ತದೆಂದು 2007ರಲ್ಲಿ ಗಿನಿಯಿಲಿಗಳ ಮೇಲಿನ ಪ್ರಯೋಗ ತೋರಿಸಿತು.

ಬೋಧನಾಭ್ಯಾಸದ ತರಗತಿಯಲ್ಲಿ ಇಷ್ಟು ಹೇಳಿದಾಗ, ನಮ್ಮಲ್ಲಿ ಮಳೆಗಾಲದಲ್ಲೇ ಜ್ವರ ಜಾಸ್ತಿಯಲ್ಲವೇ ಎಂದು ಒಬ್ಬಳು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಭಾರತದ ಬಹುಭಾಗದಲ್ಲಿ ಫ್ಲೂ ಮಳೆಗಾಲದಲ್ಲೂ ಏರುತ್ತದೆ. ಒಣಗಾಳಿಯ ವಿವರಣೆಯೊಂದೇ ಇಲ್ಲಿ ಸಾಲದು. ಮುಂದಿನ ಪಾಠಯೋಜನೆಗೆ ಹಾಜರಿ ಪುಸ್ತಕವನ್ನೇ ಉಪಕರಣವಾಗಿ ಇಟ್ಟುಕೊಂಡಿದ್ದೇನೆ: ಹಿಂದಿನ ಮೂರು ವರ್ಷಗಳ ಜುಲೈ ತಿಂಗಳ ಗೈರುಹಾಜರಿಯ ಸರಾಸರಿಯನ್ನು ಮಕ್ಕಳು ಈ ಜುಲೈಯಿಂದ ಕಳೆಯಬೇಕು, ಉಳಿದದ್ದಕ್ಕೆ ಜ್ವರವಲ್ಲದೆ ಬೇರೆ ಯಾವ ಕಾರಣಗಳಿರಬಹುದೆಂದು ಪಟ್ಟಿ ಮಾಡಬೇಕು.