ಬಿಡಿಕಾಸಿನ ಬ್ಯಾಂಕ್ ಕಟ್ಟಿದ ಮ್ಯಾಗಿ ವಾಕರ್

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ ಜಾಕ್ಸನ್ ವಾರ್ಡ್ ಎಂಬ ಹಳೆಯ ಬಡಾವಣೆಯಿದೆ. ವರ್ಣಭೇದದ ಕಾಲದಲ್ಲಿ ಕಪ್ಪು ಜನರು ನೆಲೆಸಿದ್ದ ಈ ಬೀದಿಗಳನ್ನು ಇಂದು ಮಾರ್ಗದರ್ಶಿಗಳು ಪ್ರವಾಸಿಗರಿಗೆ ಸುತ್ತಾಡಿಸಿ ತೋರಿಸುತ್ತಾರೆ. ಎರಕದ ಕಬ್ಬಿಣದ ಕುಸುರಿಯ ಜಗುಲಿಗಳು, ಹಿಪೋಡ್ರೋಮ್ ರಂಗಮಂದಿರ, ಲೀ ಬೀದಿಯ ಇಟ್ಟಿಗೆ ಮನೆಗಳು ಕಣ್ಣಿಗೆ ಹಬ್ಬ. ದಕ್ಷಿಣದ ಹಾರ್ಲೆಮ್, ಕಪ್ಪು ಜನರ ವಾಲ್ ಸ್ಟ್ರೀಟ್ ಎಂಬ ಬಿರುದುಗಳೂ ಇದಕ್ಕಿವೆ. ಅರ್ಥಶಾಸ್ತ್ರ ಓದಿದ ನನಗೆ ಈ ಬಿರುದುಗಳ ಬಗ್ಗೆ ಸ್ವಲ್ಪ ಅಳುಕಿದೆ. ವೈಭವವನ್ನಷ್ಟೇ ಕೇಳಿ ಹಿಂದಿರುಗಿದವರಿಗೆ ಪ್ರತ್ಯೇಕತೆಯೇ ಒಂದು ವರವಾಗಿತ್ತೇನೋ ಎನಿಸಿಬಿಡಬಹುದು. ಆ ಭ್ರಮೆಗೆ ಮದ್ದು ಲೀ ಬೀದಿಯ 110½ನೇ ನಂಬರಿನ ಮನೆಯಲ್ಲಿ ಬಾಳಿದ ಮ್ಯಾಗಿ ಲೀನಾ ವಾಕರ್ ಅವರ ಜೀವನವೇ.

ಮ್ಯಾಗಿ ಹುಟ್ಟಿದ್ದು 1864ರಲ್ಲಿ, ಅಂತರ್ಯುದ್ಧ ಇನ್ನೂ ಮುಗಿಯದಿದ್ದಾಗ. ಮಲತಂದೆ ನದಿಯಲ್ಲಿ ಶವವಾಗಿ ಸಿಕ್ಕ ಮೇಲೆ ತಾಯಿ ಮಂದಿಯ ಬಟ್ಟೆ ಒಗೆದು ಸಂಸಾರ ನಡೆಸಿದರು. ಒಗೆದ ಬಟ್ಟೆಗಳನ್ನು ಬಿಳಿಯರ ಮನೆಗಳಿಗೆ ಮುಟ್ಟಿಸುವುದು ಮಗಳ ಕೆಲಸವಾಗಿತ್ತು. ಓದಿ ಶಿಕ್ಷಕಿಯಾದರು, 1886ರಲ್ಲಿ ಮದುವೆಯಾದೊಡನೆ ಅಂದಿನ ನಿಯಮದಂತೆ ಕೆಲಸ ಬಿಡಬೇಕಾಯಿತು.

ಹದಿನಾಲ್ಕನೆಯ ವಯಸ್ಸಿನಲ್ಲೇ ಅವರು ಸೇಂಟ್ ಲ್ಯೂಕ್ ಎಂಬ ಪರಸ್ಪರ ಸಹಾಯ ಸಂಘವನ್ನು ಸೇರಿದ್ದರು. ಕಾಯಿಲೆಯವರಿಗೆ ನೆರವು, ಸತ್ತವರ ಸಂಸ್ಕಾರಕ್ಕೆ ಹಣ ಒದಗಿಸುವುದು ಅದರ ಕಸುಬು. 1899ರಲ್ಲಿ ಸಂಘದ ಹೊಣೆ ಇವರ ಹೆಗಲಿಗೆ ಬಂದಾಗ ಖಜಾನೆಯಲ್ಲಿದ್ದುದು 31 ಡಾಲರ್ 61 ಸೆಂಟ್. ಸಾಲ ಸುಮಾರು 400 ಡಾಲರ್. ಇಂಥ ಸಂಸ್ಥೆಯನ್ನು ಸಾಮಾನ್ಯವಾಗಿ ಸಮಾಪನೆಗೆ ಶಿಫಾರಸು ಮಾಡುತ್ತಾರೆ. ನಾನಾಗಿದ್ದರೆ ಕಡತದಲ್ಲಿ ಹಾಗೆಯೇ ಬರೆಯುತ್ತಿದ್ದೆನೇನೋ. ಮ್ಯಾಗಿ 1902ರಲ್ಲಿ ಪತ್ರಿಕೆ ಆರಂಭಿಸಿದರು, 1903ರ ನವೆಂಬರ್‌ನಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. ಅಮೆರಿಕದಲ್ಲಿ ಸನ್ನದು ಪಡೆದು ಬ್ಯಾಂಕ್ ಸ್ಥಾಪಿಸಿ ಅದರ ಅಧ್ಯಕ್ಷೆಯಾದ ಮೊದಲ ಕಪ್ಪು ಮಹಿಳೆ ಅವರು. ಮೊದಲ ದಿನವೇ 8,000 ಡಾಲರ್‌ಗೂ ಹೆಚ್ಚು ಠೇವಣಿ ಬಂತು. ಅದರಲ್ಲಿ 31 ಸೆಂಟ್ ಇಟ್ಟು ಖಾತೆ ತೆರೆದವರೂ ಇದ್ದರು.

ಅಗಸಗಿತ್ತಿಯರ, ಮನೆಗೆಲಸದವರ ಬಿಡಿಕಾಸು ಸಾಲದ ರೂಪದಲ್ಲಿ ಅದೇ ಜನರಿಗೆ ಮರಳಿ ಮನೆಗಳಾಯಿತು. 1920ರ ಹೊತ್ತಿಗೆ ಸುಮಾರು 600 ಮನೆಗಳ ಖರೀದಿಗೆ ಈ ಬ್ಯಾಂಕ್ ನೆರವಾಗಿತ್ತು. ಬಂಡವಾಳ ಸೃಷ್ಟಿಯೆಂದರೆ ಇದೇ.

ಆದರೆ ಇದು ಬರೀ ಛಲದ ಕಥೆಯಲ್ಲ. ಬ್ಯಾಂಕ್ ಹುಟ್ಟುವ ಹಿಂದಿನ ವರ್ಷವಷ್ಟೇ ವರ್ಜೀನಿಯಾದ ಹೊಸ ಸಂವಿಧಾನ ಮತದಾನಕ್ಕೆ ತಲೆಗಂದಾಯದಂಥ ತಡೆಗಳನ್ನು ಒಡ್ಡಿ ಬಹುಪಾಲು ಕಪ್ಪು ಜನರ ಮತವನ್ನು ಕಸಿದುಕೊಂಡಿತ್ತು. 1904ರಲ್ಲಿ ಟ್ರಾಮ್ ಕಂಪನಿ ಪ್ರಯಾಣಿಕರನ್ನು ಬಣ್ಣ ನೋಡಿ ಕೂರಿಸತೊಡಗಿದಾಗ ಮ್ಯಾಗಿ ಬಹಿಷ್ಕಾರಕ್ಕೆ ಬೆಂಬಲವಾಗಿ ನಿಂತರು. ಜನ ನಡೆದೇ ಓಡಾಡಿದರು. ಕಂಪನಿ ಅದೇ ವರ್ಷ ದಿವಾಳಿಯಾಯಿತು. 1906ರಲ್ಲಿ ಶಾಸನಸಭೆ ಟ್ರಾಮ್‌ಗಳಲ್ಲಿ ಪ್ರತ್ಯೇಕ ಆಸನವನ್ನು ಕಾನೂನಿನಿಂದಲೇ ಕಡ್ಡಾಯಗೊಳಿಸಿತು. 1905ರಲ್ಲಿ ಬ್ರಾಡ್ ಬೀದಿಯಲ್ಲಿ ತೆರೆದ ಎಂಪೋರಿಯಂ ಅಂಗಡಿಗೆ ಸರಕು ಕೊಡದಂತೆ ಬಿಳಿಯ ವರ್ತಕರು ಸಗಟು ವ್ಯಾಪಾರಿಗಳ ಮೇಲೆ ಒತ್ತಡ ತಂದರು. ಆರೇಳು ವರ್ಷದಲ್ಲಿ ಅದು ಮುಚ್ಚಿತು. ಪೇಟೆಯಲ್ಲಿ ಗೆದ್ದದ್ದನ್ನು ಶಾಸನದಲ್ಲಿ ಕಳೆದುಕೊಳ್ಳುವ ಜನರಿಗೆ ಉಳಿತಾಯದ ಪಾಠವೊಂದೇ ಸಾಲುತ್ತದೆಯೆ?

ಮನೆಯೊಳಗೂ ದುಃಖವಿತ್ತು. 1915ರಲ್ಲಿ ಹಿರಿಯ ಮಗ ತಂದೆಯನ್ನೇ ಕಳ್ಳನೆಂದು ತಪ್ಪು ತಿಳಿದು ಗುಂಡು ಹಾರಿಸಿದ. ವಿಚಾರಣೆಯಲ್ಲಿ ಖುಲಾಸೆಯಾದರೂ ಆತ 1923ರಲ್ಲಿ ತೀರಿಕೊಂಡ. ಕೊನೆಯ ವರ್ಷಗಳಲ್ಲಿ ಕಾಲಿನ ಸ್ವಾಧೀನ ತಪ್ಪಿ ಮ್ಯಾಗಿ ಗಾಲಿಕುರ್ಚಿ ಹಿಡಿದರು, ಮನೆಗೆ ಲಿಫ್ಟ್ ಹಾಕಿಸಿಕೊಂಡು ಕೆಲಸ ಮುಂದುವರಿಸಿದರು. ಮಹಾ ಆರ್ಥಿಕ ಕುಸಿತದ ಹೊಸ್ತಿಲಲ್ಲಿ, 1930ರಲ್ಲಿ, ಕಪ್ಪು ಜನರ ಇನ್ನೆರಡು ಬ್ಯಾಂಕುಗಳೊಡನೆ ತಮ್ಮದನ್ನು ವಿಲೀನಗೊಳಿಸಿದ ದೂರದೃಷ್ಟಿ ದೊಡ್ಡದು. ಅದು ಕುಸಿತವನ್ನು ದಾಟಿ ಉಳಿಯಿತು. 1934ರ ಡಿಸೆಂಬರ್‌ನಲ್ಲಿ ಮ್ಯಾಗಿ ನಿಧನರಾದರು.

ಮನೆಯನ್ನು 1979ರಲ್ಲಿ ರಾಷ್ಟ್ರೀಯ ಉದ್ಯಾನ ಸೇವೆ ಖರೀದಿಸಿ ಸ್ಮಾರಕವಾಗಿಸಿತು. ಬ್ರಾಡ್ ಬೀದಿಯಲ್ಲಿ 2017ರಿಂದ ಅವರ ಕಂಚಿನ ಪ್ರತಿಮೆ ನಿಂತಿದೆ. ಬ್ಯಾಂಕು ಮಾತ್ರ ಈ ಶತಮಾನದಲ್ಲಿ ಕೈಬದಲಾಗುತ್ತ ಹೋಗಿ 2011ರಲ್ಲಿ ತನ್ನ ಹೆಸರನ್ನೂ ಕಳೆದುಕೊಂಡಿತು.

ಮಾರ್ಗದರ್ಶಿಗಳು ಲೀ ಬೀದಿಯಲ್ಲೇ ನಿಲ್ಲದೆ ಕೆಲವೇ ಬೀದಿ ಉತ್ತರಕ್ಕೂ ಪ್ರವಾಸಿಗರನ್ನು ಕರೆದೊಯ್ಯಬೇಕು. ಅಲ್ಲಿ ಹೆದ್ದಾರಿಯಿದೆ. ನಗರದ ಮತದಾರರು 1950 ಮತ್ತು 1951ರಲ್ಲಿ ಈ ರಸ್ತೆಯನ್ನು ತಿರಸ್ಕರಿಸಿದ್ದರು. 1954ರಲ್ಲಿ ಶಾಸನಸಭೆ ಪ್ರತ್ಯೇಕ ಪ್ರಾಧಿಕಾರ ರಚಿಸಿ ಅದನ್ನು ಕಟ್ಟಿಸಿತು. ಭೂಸ್ವಾಧೀನದ ಕಡತಗಳನ್ನು ಕಂಡವರಿಗೆ ಗೊತ್ತು, ನಕಾಶೆಯ ಮೇಲಿನ ಗೆರೆ ಯಾರ ಧ್ವನಿ ಮೇಲಿನವರಿಗೆ ಕೇಳಿಸದೋ ಅವರ ಮನೆಯ ಮೇಲೇ ಹಾಯುತ್ತದೆ. 1958ರಲ್ಲಿ ಸಂಚಾರಕ್ಕೆ ತೆರೆದ ಆ ರಸ್ತೆ ಜಾಕ್ಸನ್ ವಾರ್ಡನ್ನು ಇಬ್ಭಾಗ ಮಾಡಿತು. ಅದಕ್ಕಾಗಿ ಕೆಡವಿದ ಮನೆಗಳ ಸಂಖ್ಯೆ ಸುಮಾರು ಒಂದು ಸಾವಿರ, ಮ್ಯಾಗಿಯವರ ಬ್ಯಾಂಕು 1920ರವರೆಗೆ ಕೊಡಿಸಿದ್ದ ಮನೆಗಳಿಗಿಂತ ಹೆಚ್ಚು.