ಔಷಧದಾನಿ ವರ್ತಕ ಅಮೆಡಿಯೋ ಒಬೀಚಿ

ದ್ರವ್ಯವನ್ನು ಗಳಿಸುವವರು ಅನೇಕರು. ಗಳಿಸಿದ್ದು ಯಾರಿಗೆ ಸಲ್ಲಬೇಕೆಂದು ಬದುಕಿರುವಾಗಲೇ ನಿಶ್ಚಯಿಸುವವರು ವಿರಳ. ಇಟಲಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಕಡಲೆಕಾಯಿಯ ವ್ಯಾಪಾರದಿಂದ ಪ್ರಖ್ಯಾತರಾದ ಅಮೆಡಿಯೋ ಒಬೀಚಿಯವರು ಅಂಥ ವಿರಳರಲ್ಲಿ ಒಬ್ಬರು.

ಇವರು 1877ರಲ್ಲಿ ಉತ್ತರ ಇಟಲಿಯ ಒಡೆರ್ಜೊ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. 1889ರಲ್ಲಿ ತಾಯಿಯು ಪುತ್ರನನ್ನು ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ನಗರದಲ್ಲಿದ್ದ ಬಂಧುವಿನ ಬಳಿಗೆ ಒಬ್ಬಂಟಿಯಾಗಿ ಕಳುಹಿಸಿದರು. ಇಂಗ್ಲಿಷ್ ಅರಿಯದ ಆ ಎಳೆಯ ವಯಸ್ಸಿನಲ್ಲಿ ಅವರು ಅಂಗಡಿಗಳಲ್ಲಿ ದುಡಿದು, ಕೂಡಿಟ್ಟ ಹಣದಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕರೆಸಿಕೊಂಡರು. ಮುಂದೆ ವಿಲ್ಕ್ಸ್-ಬ್ಯಾರಿ ಪಟ್ಟಣದಲ್ಲಿ ಸ್ವಂತ ಹಣ್ಣಿನಂಗಡಿ ತೆರೆದು, ಅಲ್ಲಿ ಕಡಲೆಕಾಯಿ ಹುರಿಯುವ ಯಂತ್ರವೊಂದನ್ನು ಇಟ್ಟರು.

1906ರಲ್ಲಿ ಸ್ವದೇಶೀಯರೇ ಆದ ಮಾರಿಯೋ ಪೆರುಜ್ಜಿಯವರೊಡನೆ ಕೂಡಿ ‘ಪ್ಲಾಂಟರ್ಸ್’ ಸಂಸ್ಥೆಯನ್ನು ಸ್ಥಾಪಿಸಿದರು. ಬೀಜಗಳ ಸಿಪ್ಪೆ ತೆಗೆದು, ಹುರಿದು, ಉಪ್ಪು ಬೆರೆಸಿ, ಹೆಸರು ಅಚ್ಚೊತ್ತಿದ ಸಣ್ಣ ಪೊಟ್ಟಣಗಳಲ್ಲಿ 5 ಸೆಂಟಿಗೆ ಮಾರಿದರು. ಒಮ್ಮೆ ಕೊಂಡವರು ಮತ್ತೆ ಬರುವಂತಿರಬೇಕೆಂಬುದೇ ಅವರ ವ್ಯಾಪಾರನೀತಿ. ಮಧ್ಯವರ್ತಿಗಳನ್ನು ತಪ್ಪಿಸಿ ಬೆಳೆಗಾರರ ಸಮೀಪದಲ್ಲಿಯೇ ಇರಲೆಂದು 1913ರಲ್ಲಿ ವರ್ಜೀನಿಯಾದ ಸಫೋಕ್ ಪಟ್ಟಣದಲ್ಲಿ ಕಾರ್ಖಾನೆಯನ್ನು ತೆರೆದರು. 1916ರಲ್ಲಿ ಸಂಸ್ಥೆಯ ಲಾಂಛನಕ್ಕಾಗಿ ಏರ್ಪಡಿಸಿದ ಸ್ಪರ್ಧೆಯಲ್ಲಿ ಆಂಟೋನಿಯೊ ಜೆಂಟೀಲೆ ಎಂಬ ಶಾಲಾಬಾಲಕನು ಕಡಲೆಕಾಯಿಗೆ ಕೈಕಾಲು ಬರೆದು 5 ಡಾಲರ್ ಬಹುಮಾನ ಪಡೆದನು. ಒಬೀಚಿಯವರ ನೆರವು ಅಲ್ಲಿಗೇ ನಿಲ್ಲಲಿಲ್ಲ. ಆ ಬಾಲಕನ ಉಚ್ಚ ವ್ಯಾಸಂಗಕ್ಕೂ ಅವರು ಸಹಾಯ ಮಾಡಿದರು. ಆತನು ಮುಂದೆ ವೈದ್ಯನಾದನು.

ಅದೇ 1916ರಲ್ಲಿ ಅವರು ಲೂಯೀಸ್ ಮುಸಾಂಟೆಯವರನ್ನು ವರಿಸಿದರು. ದಂಪತಿಗಳಿಗೆ ಸಂತಾನವಿರಲಿಲ್ಲ. 1938ರಲ್ಲಿ ಪತ್ನಿಯು ಅಗಲಿದ ಬಳಿಕ, ತಮ್ಮ ಏಳಿಗೆಗೆ ಕಾರಣವಾದ ಸಫೋಕ್‌ನ ಜನರಿಗಾಗಿ ಆಕೆಯ ನೆನಪಿನಲ್ಲಿ ಆಸ್ಪತ್ರೆಯೊಂದು ಏಳಬೇಕೆಂದು ಸಂಕಲ್ಪಿಸಿ, ತಮ್ಮ ಸಂಪತ್ತನ್ನು ನ್ಯಾಸವಾಗಿ ಬಿಟ್ಟರು. ಅದರ ಕಟ್ಟಡವನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. 1947ರಲ್ಲಿ ಅವರು ದಿವಂಗತರಾದರು. ಲೂಯೀಸ್ ಒಬೀಚಿ ಸ್ಮಾರಕ ಆಸ್ಪತ್ರೆಯು 1951ರಲ್ಲಿ ಆರಂಭವಾಯಿತು.

ಪ್ಲಾಂಟರ್ಸ್ ಸಂಸ್ಥೆಯು 1960ರಲ್ಲಿ ಪರರ ಕೈಸೇರಿತು. ಆದರೆ ದಾನವು ಕ್ಷಯಿಸಲಿಲ್ಲ. 2006ರಲ್ಲಿ ಆಸ್ಪತ್ರೆಯು ಸೆಂಟಾರಾ ಸಂಸ್ಥೆಯೊಡನೆ ವಿಲೀನವಾದಾಗ, ಆ ಪ್ರಾಂತದ ಜನರ ಆರೋಗ್ಯಕ್ಕಾಗಿ ಒಬೀಚಿಯವರ ಹೆಸರಿನ ಪ್ರತಿಷ್ಠಾನವೊಂದು ಉದಿಸಿತು. ವ್ಯಾಪಾರವು ಒಡೆಯರನ್ನು ಬದಲಿಸುತ್ತದೆ. ರೋಗಿಗಳಿಗಾಗಿ ಕೊಟ್ಟದ್ದು ಮಾತ್ರ ಕೊಟ್ಟವರ ಹೆಸರಿನಲ್ಲಿಯೇ ಉಳಿಯುತ್ತದೆ.