ಮೊದಲ ಭಾಗವಿಲ್ಲದ ಸಿಂಫನಿ: ಗ್ವಿದೋ ಕಾಂಟೆಲಿ

ದೇವಾಲಯದ ಗಾಯನವೃಂದದ ಹಾಡು ಎಲ್ಲರ ಕಿವಿಗೂ ಬೀಳುತ್ತದೆ. ಅದರ ಹಿಂದಿನ ವಾರಗಟ್ಟಲೆ ಅಭ್ಯಾಸವನ್ನು ಬಲ್ಲವರು ಕೆಲವರೇ. ದೊಡ್ಡ ವಾದ್ಯಮೇಳದ ನಿರ್ದೇಶಕನ ನಿಜವಾದ ದುಡಿಮೆಯೂ ಹೀಗೆಯೇ ಮರೆಯಲ್ಲಿ ನಡೆಯುವಂಥದು. ಅಂಥ ದುಡಿಮೆಗೆ ತಮ್ಮ ಕಿರಿದಾದ ಆಯುಷ್ಯವನ್ನೇ ತೆತ್ತ ಇಟಲಿಯ ಗ್ವಿದೋ ಕಾಂಟೆಲಿಯವರನ್ನು ನಾವು ಈ ವಾರ ಸ್ಮರಿಸೋಣ.

ಕಾಂಟೆಲಿ 1920ರ ಏಪ್ರಿಲ್ 27ರಂದು ಉತ್ತರ ಇಟಲಿಯ ನೊವಾರಾ ಪಟ್ಟಣದಲ್ಲಿ ಜನಿಸಿದರು. ತಂದೆ ಸೇನಾ ಬ್ಯಾಂಡಿನ ನಾಯಕರು. ಬಾಲ್ಯದಲ್ಲಿಯೇ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸತೊಡಗಿದ ಗ್ವಿದೋ ಮುಂದೆ ಮಿಲಾನಿನ ಸಂಗೀತ ವಿದ್ಯಾಲಯವನ್ನು ಸೇರಿದರು.

ಅಷ್ಟರಲ್ಲಿ ಯುದ್ಧ ಬಂದಿತು. 1943ರಲ್ಲಿ ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದ ಬಳಿಕ ನಾತ್ಸಿಗಳೊಡನೆ ಸಹಕರಿಸಲು ಅವರು ಒಪ್ಪಲಿಲ್ಲ. ಅದಕ್ಕಾಗಿ ಅವರನ್ನು ಸ್ಟೆಟಿನ್‌ನ ಶ್ರಮ ಶಿಬಿರಕ್ಕೆ ಅಟ್ಟಲಾಯಿತು. ಅಲ್ಲಿ ಕೃಶರಾಗಿ ಕಾಯಿಲೆಬಿದ್ದ ಅವರು, ಬೋಲ್ಜಾನೋದ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹುಟ್ಟೂರಿಗೆ ಮರಳಿ, ಬೇರೆ ಹೆಸರಿನಲ್ಲಿ ಬದುಕಿ ಉಳಿದರು.

1948ರ ಮೇ ತಿಂಗಳಲ್ಲಿ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಅವರ ನಿರ್ದೇಶನವನ್ನು 81 ವರ್ಷದ ಅರ್ತುರೋ ತೊಸ್ಕನೀನಿ ಕೇಳಿದರು. ವಿಶ್ವವಿಖ್ಯಾತರಾದ ಆ ಹಿರಿಯರು ಈ ಯುವಕನಲ್ಲಿ ತಮ್ಮದೇ ಪ್ರತಿಬಿಂಬವನ್ನು ಕಂಡರು. 1949ರ ಜನವರಿಯಲ್ಲಿ 28ರ ಹರೆಯದ ಕಾಂಟೆಲಿ ನ್ಯೂಯಾರ್ಕಿನಲ್ಲಿ ತೊಸ್ಕನೀನಿಯವರದೇ ವಾದ್ಯಮೇಳದ ಮುಂದೆ ನಿಂತರು. ಮುಂದೆ ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯಮೇಳದೊಡನೆ ಅವರು ಮಾಡಿದ ಧ್ವನಿಮುದ್ರಣಗಳು ಇಂದಿಗೂ ಆಸ್ವಾದಕರ ಪಾಲಿಗೆ ನಿಧಿಯಾಗಿವೆ.

ಶಿಬಿರದ ಬೆದರಿಕೆಗೆ ಬಾಗದವರು ಅಭ್ಯಾಸದ ಕೊಠಡಿಯಲ್ಲಿಯೂ ಬಾಗುವವರಾಗಿರಲಿಲ್ಲ. ಕೃತಿಯನ್ನು ಪೂರ್ತಿಯಾಗಿ ಕಂಠಪಾಠ ಮಾಡಿಕೊಂಡೇ ಬರುತ್ತಿದ್ದರು. ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸಿ ತಿದ್ದುತ್ತಿದ್ದರು. 1956ರಲ್ಲಿ ಲಂಡನ್ನಿನಲ್ಲಿ ಬೀಥೋವನ್‌ನ ಐದನೆಯ ಸಿಂಫನಿಯ ಧ್ವನಿಮುದ್ರಣ ಆರಂಭವಾಯಿತು. ಸಮೀಪದಲ್ಲಿ ನಡೆಯುತ್ತಿದ್ದ ಕಟ್ಟಡ ಕಾಮಗಾರಿಯ ಸದ್ದು ಅಡ್ಡಿಯಾಗಿ, ಮೂರು ಭಾಗಗಳಷ್ಟೇ ಮುಗಿದವು. ಮೊದಲ ಭಾಗವನ್ನು ಮುಂದೆಂದಾದರೂ ಮಾಡಬೇಕಿತ್ತು.

ಆ ಮುಂದಿನ ದಿನ ಬರಲಿಲ್ಲ. ಅದೇ ವರ್ಷ ನವೆಂಬರ್ 16ರಂದು ಅವರು ಲಾ ಸ್ಕಾಲಾದ ಸಂಗೀತ ನಿರ್ದೇಶಕರಾಗಿ ನೇಮಕಗೊಂಡರು. ಮರುದಿನ ಹುಟ್ಟೂರಿನಲ್ಲಿ ಅವರ ಕಛೇರಿ ನಡೆಯಿತು. ನವೆಂಬರ್ 24ರಂದು, ನ್ಯೂಯಾರ್ಕಿಗೆ ಹೊರಟ ವಿಮಾನವು ಪ್ಯಾರಿಸ್‌ನ ಓರ್ಲಿ ನಿಲ್ದಾಣದಿಂದ ಮೇಲೇರಿದೊಡನೆಯೇ ಪತನಗೊಂಡಿತು. ಕಾಂಟೆಲಿಯವರಿಗೆ ಆಗ 36 ವರ್ಷ. ಮಡದಿ ಐರಿಸ್ ಮತ್ತು ಕೆಲವೇ ತಿಂಗಳ ಮಗ ಉಳಿದರು. ಅಸ್ವಸ್ಥರಾಗಿದ್ದ ತೊಸ್ಕನೀನಿಯವರಿಂದ ಮನೆಯವರು ಈ ಸುದ್ದಿಯನ್ನು ಮುಚ್ಚಿಟ್ಟರು. ಏನೂ ಅರಿಯದೆಯೇ ಆ ವೃದ್ಧರು 1957ರ ಜನವರಿ 16ರಂದು ಕಣ್ಮುಚ್ಚಿದರು.

1961ರಲ್ಲಿ ಕಾಂಟೆಲಿಯವರ ನೆನಪಿಗೆ ನೊವಾರಾದಲ್ಲಿ ಯುವ ನಿರ್ದೇಶಕರ ಸ್ಪರ್ಧೆಯೊಂದು ಆರಂಭವಾಯಿತು. 1967ರಲ್ಲಿ ಅದನ್ನು ಗೆದ್ದ ರಿಕಾರ್ದೋ ಮುತಿ 1986ರಿಂದ 2005ರವರೆಗೆ ಲಾ ಸ್ಕಾಲಾದ ಸಂಗೀತ ನಿರ್ದೇಶಕರಾಗಿದ್ದರು. ಕಾಂಟೆಲಿಯವರಿಗೆ ಒಂದು ವಾರವಷ್ಟೇ ದಕ್ಕಿದ ಪೀಠವದು.

ಎಳೆಯ ಪ್ರಾಯದಲ್ಲಿ ಅಗಲಿದವರನ್ನು ನೆನೆಯುವಾಗ, ಅವರು ಮಾಡಬಹುದಾಗಿದ್ದುದನ್ನೇ ಲೆಕ್ಕ ಹಾಕಿ ನಾವು ಕೊರಗುತ್ತೇವೆ. ಆ ಕೊರಗು ಸಹಜವೇ. ಆದರೆ ಬೀಥೋವನ್‌ನ ಆ ಮೂರು ಭಾಗಗಳನ್ನು ಕೇಳುವವರು, ಮುಗಿದಷ್ಟು ಕೆಲಸ ಎಷ್ಟು ನಿಷ್ಠೆಯಿಂದ ಮುಗಿದಿದೆ ಎಂಬುದನ್ನೂ ಅರಿಯುತ್ತಾರೆ.